ಮೇಣದಚ್ಚಿನ ಗಡ್ಡೆಗಳು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಬಹುಭಾಗ ಮದ್ರಾಸಿನಿಂದ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಕಡೆ ಉಳಿದವು. ಈ ವಿಭಜನೆಯ ಭಾಷೆಯ ಜಗಳ, ತುಂಗಭದ್ರಾ ನೀರಿನ ಲೆಕ್ಕ, ಬಳ್ಳಾರಿ ಯಾರದು ಎಂಬ ಹಟ, ಇವೆಲ್ಲದರ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಅಷ್ಟಾಗಿ ಯಾರ ಗಮನಕ್ಕೂ ಬಾರದ ಪರಿಣಾಮವೊಂದಿತ್ತು: ಇಲ್ಲಿನ ಕಠಿಣ ಕಾಯಿಲೆಯವರು ಮುಖ ಮಾಡುವ ದಿಕ್ಕು ಬದಲಾಯಿತು. ಅಲ್ಲಿಯವರೆಗೆ ದೊಡ್ಡ ಆಸ್ಪತ್ರೆ ಎಂದರೆ ಮದ್ರಾಸು. ಇನ್ನು ಮೇಲೆ ಬೆಂಗಳೂರು.

ಮಿದುಳಿನ ಕಾಯಿಲೆಗಳ ಮಟ್ಟಿಗೆ ಅದು ಆಗ ಲಾಭದ ವ್ಯಾಪಾರವೇನೂ ಆಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿ 1949ರಲ್ಲೇ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದಿದ್ದರು. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಶುರುಮಾಡಿದರು. ಬೆಂಗಳೂರಿನ ಕಥೆ ತಡವಾಗಿ ಆರಂಭವಾಯಿತು. ಹೊಸೂರು ರಸ್ತೆಯಲ್ಲಿದ್ದ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಡಾ. ಆರ್.ಎಂ. ವರ್ಮಾ ಅಲ್ಲಿ ತಲೆಬುರುಡೆ ತೆರೆಯುವ ಕೆಲಸ ಕೈಗೆತ್ತಿಕೊಂಡರು. 1974ರ ಡಿಸೆಂಬರ್‌ನಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಅದಕ್ಕೆ ಒಂದು ವರ್ಷ ಮೊದಲು ಪಕ್ಕದಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ತಲೆ ಎತ್ತಿತ್ತು. ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಮುಂದೆ ಜನರ ಬಾಯಲ್ಲಿ ಅದೇ ವಿಮ್ಸ್. ಹೀಗೆ ದಾರಿ ನಿಗದಿಯಾಯಿತು. ಸಿರುಗುಪ್ಪದಲ್ಲಿ ಯಾರಿಗಾದರೂ ಬೆಳಗಿನ ಜಾವ ತಲೆನೋವು, ವಾಂತಿ, ಇದ್ದಕ್ಕಿದ್ದಂತೆ ಫಿಟ್ಸ್. ಮೊದಲು ತಾಲ್ಲೂಕು ಆಸ್ಪತ್ರೆ, ಆಮೇಲೆ ಬಳ್ಳಾರಿ, ಅಲ್ಲಿ ಸ್ಕ್ಯಾನ್. ನಂತರ ಮನೆಯವರು ಊರಿಗೆ ಫೋನು ಮಾಡಿ ಹೇಳುವ ಮಾತು: ‘ಬೆಂಗಳೂರಿಗೆ ಬರೆದುಕೊಟ್ಟಾರ.’ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಹೊಸೂರು ರಸ್ತೆ.

ಈ ದಾರಿಯ ಕೊನೆಯಲ್ಲಿ ರೋಗಿಯ ತಲೆಯಿಂದ ತೆಗೆದ ಗಡ್ಡೆಯ ಚೂರು ಎಲ್ಲಿಗೆ ಹೋಗುತ್ತದೆ? ಮನೆಯವರು ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳುವ ಸ್ಥಿತಿಯಲ್ಲೂ ಇರುವುದಿಲ್ಲ. ಅದು ಪೆಥಾಲಜಿ ವಿಭಾಗಕ್ಕೆ ಹೋಗಿ ಫಾರ್ಮಲಿನ್‌ನಲ್ಲಿ ನೆನೆದು, ಕರಗಿದ ಮೇಣದಲ್ಲಿ ಕೂತು, ಬೆರಳುಗಾತ್ರದ ಒಂದು ಅಚ್ಚಾಗುತ್ತದೆ. ವಿಭಾಗದವರು ಅದನ್ನು ಬ್ಲಾಕ್ ಎನ್ನುತ್ತಾರೆ. ಕೂದಲಿಗಿಂತ ತೆಳ್ಳಗೆ ಅದರಿಂದ ಹಾಳೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ರೋಗದ ಹೆಸರು ಸಿಗುತ್ತದೆ. ಹೆಸರು ಸಿಕ್ಕ ಮೇಲೂ ಬ್ಲಾಕ್ ಉಳಿಯುತ್ತದೆ, ದಶಕಗಟ್ಟಲೆ. ಮಿದುಳು ಗಡ್ಡೆಯ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನು ಎತ್ತಿಕಟ್ಟುವ, ಜೀನುಗಳನ್ನು ಬಳಸುವ ಇಂದಿನ ಚಿಕಿತ್ಸೆಗಳ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಬಹುಪಾಲು ಈ ಬ್ಲಾಕುಗಳಲ್ಲಿದೆ. ಹೊಸ ಮದ್ದು ಇಲ್ಲಿ ಹುಟ್ಟಲಿಲ್ಲ. ಮದ್ದು ಯಾಕೆ ಸೋಲುತ್ತದೆ ಎಂಬುದನ್ನು ಓದುವ ಕೆಲಸ ಇಲ್ಲಿ ನಡೆಯಿತು.

ಸೋಲಿನ ಕಥೆ ಹಳೆಯದು. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಚರ್ಮದ ಭಾರೀ ಸೋಂಕು ತಗುಲಿದ ರೋಗಿಯೊಬ್ಬನ ಗಡ್ಡೆ ತಾನಾಗಿ ಕರಗಿದ್ದನ್ನು ಕೇಳಿ, ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಲು ಶುರುಮಾಡಿದ. ಕೆಲವರಲ್ಲಿ ಗಡ್ಡೆ ಕರಗಿತು, ಕೆಲವರು ಸೋಂಕಿನಿಂದಲೇ ಸತ್ತರು. ವಿಕಿರಣ ಚಿಕಿತ್ಸೆ ಬಂದ ಮೇಲೆ ಅವನ ಹುಚ್ಚಾಟವನ್ನು ಎಲ್ಲರೂ ಮರೆತರು. ಆದರೆ ಆ ಯೋಚನೆ ಸಾಯಲಿಲ್ಲ. ಬಳ್ಳಾರಿಯವರ ಎಡತೋಳಿನ ಮೇಲೆ ಇರುವ ಬಿಸಿಜಿ ಕಲೆ ಎಲ್ಲರಿಗೂ ಗೊತ್ತು; ಕ್ಷಯದ ಊರಿದು, ವೆಲ್ಲೆಸ್ಲಿ ಹೆಸರಿನ ಕ್ಷಯ ಆಸ್ಪತ್ರೆ ಇಲ್ಲಿಯೇ ಇದೆ. ಮದ್ರಾಸಿನ ಗಿಂಡಿಯಲ್ಲಿ 1948ರಲ್ಲಿ ತಯಾರಾಗಲು ಶುರುವಾದ ಆ ಲಸಿಕೆಯ ದುರ್ಬಲ ಕ್ರಿಮಿಯನ್ನೇ ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಬಳಸಿ ಗೆದ್ದರು. ಇಂದಿಗೂ ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೂತ್ರಕೋಶದಲ್ಲಿ ನಡೆದದ್ದು ಮಿದುಳಿನಲ್ಲಿ ಯಾಕೆ ನಡೆಯಲಿಲ್ಲ?

ಇದಕ್ಕೆ ಬಹುಕಾಲ ಒಂದೇ ಉತ್ತರವಿತ್ತು: ಮಿದುಳಿಗೆ ರೋಗನಿರೋಧಕ ಪಡೆ ಕಾಲಿಡುವುದೇ ಇಲ್ಲ. ಇದಕ್ಕೆ ಆಧಾರ 1948ರಲ್ಲಿ ಪೀಟರ್ ಮೆಡಾವರ್ ಮಾಡಿದ ಮೊಲದ ಪ್ರಯೋಗ. ಬೇರೆ ಮೊಲದ ಚರ್ಮವನ್ನು ಮಿದುಳಿನಲ್ಲಿ ನಾಟಿ ಮಾಡಿದರೆ ಅದು ಬದುಕಿಕೊಳ್ಳುತ್ತದೆ, ದೇಹ ತಿರಸ್ಕರಿಸುವುದಿಲ್ಲ. ಪಠ್ಯಪುಸ್ತಕಗಳು ಇಷ್ಟನ್ನೇ ಎತ್ತಿಕೊಂಡವು. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಮೊಲದ ಬೇರೆ ಕಡೆಯ ಚರ್ಮದಲ್ಲಿ ಆ ದಾನಿಯ ಪರಿಚಯ ಮೊದಲೇ ಆಗಿದ್ದರೆ, ಮಿದುಳಿನೊಳಗಿನ ನಾಟಿಯೂ ಉಳಿಯುತ್ತಿರಲಿಲ್ಲ. ಬಾಗಿಲು ಮುಚ್ಚಿರಲಿಲ್ಲ, ಒಳಗಿರುವವರ ಗುರುತನ್ನು ಯಾರೋ ಹೊರಗೆ ಹೇಳಬೇಕಿತ್ತು. 2015ರಲ್ಲಿ ಮಿದುಳಿನ ಹೊದಿಕೆಯಲ್ಲಿ ರೋಗನಿರೋಧಕ ಕೋಶಗಳು ಓಡಾಡುವ ದುಗ್ಧನಾಳಗಳು ಇರುವುದು ಪತ್ತೆಯಾಗುವವರೆಗೆ ಈ ಎರಡನೇ ಸಂಗತಿಗೆ ಸಿಗಬೇಕಾದ ಗೌರವ ಸಿಗಲಿಲ್ಲ. ಅರ್ಧ ಓದಿದ ಪ್ರಬಂಧಗಳು ವಿಜ್ಞಾನಕ್ಕೂ ಎಷ್ಟು ದುಬಾರಿ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಜೀನ್ ಚಿಕಿತ್ಸೆ ಮಿದುಳಿನ ಕಡೆ ತಿರುಗಿದ್ದು 1992ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆನೆತ್ ಕಲ್ವರ್, ಎಡ್ವರ್ಡ್ ಓಲ್ಡ್‌ಫೀಲ್ಡ್ ಮತ್ತು ಸಂಗಡಿಗರ ಉಪಾಯ ಜಾಣತನದ್ದಾಗಿತ್ತು. ಮಿದುಳಿನ ನರಕೋಶಗಳು ದೊಡ್ಡವರಲ್ಲಿ ವಿಭಜನೆಯಾಗುವುದಿಲ್ಲ. ಗಡ್ಡೆಯ ಕೋಶಗಳು ಎಡೆಬಿಡದೆ ವಿಭಜನೆಯಾಗುತ್ತಿರುತ್ತವೆ. ವಿಭಜನೆಯಾಗುವ ಕೋಶದೊಳಗೆ ಮಾತ್ರ ಹೊಗುವ ಒಂದು ಬಗೆಯ ವೈರಸ್ಸಿದೆ. ಅದರ ಬೆನ್ನ ಮೇಲೆ ಹರ್ಪಿಸ್ ವೈರಸ್ಸಿನ ಒಂದು ಜೀನನ್ನು ಕಟ್ಟಿ ಗಡ್ಡೆಯೊಳಗೆ ಬಿಡುವುದು. ಆ ಜೀನು ಹೊಕ್ಕ ಕೋಶದಲ್ಲಿ ಗ್ಯಾನ್ಸಿಕ್ಲೋವಿರ್ ಎಂಬ ಸಾಧಾರಣ ಔಷಧ ವಿಷವಾಗುತ್ತದೆ. ಉಳಿದ ಕೋಶಗಳಿಗೆ ಅದರಿಂದ ಅಂಥ ಹಾನಿಯಿಲ್ಲ. ಇಲಿಗಳಲ್ಲಿ ಗಡ್ಡೆ ಮಾಯವಾಯಿತು. ಅದೇ ವರ್ಷದ ಕೊನೆಗೆ ಮನುಷ್ಯರ ಮೇಲೂ ಪ್ರಯೋಗ ಶುರುವಾಯಿತು. ಎರಡು ವರ್ಷದ ಹಿಂದಷ್ಟೇ, 1990ರ ಸೆಪ್ಟೆಂಬರ್‌ನಲ್ಲಿ, ನಾಲ್ಕು ವರ್ಷದ ಆಶಾಂತಿ ಡಿಸಿಲ್ವಾ ಎಂಬ ಬಾಲಕಿಗೆ ಅದೇ ಸಂಸ್ಥೆಯಲ್ಲಿ ಜಗತ್ತಿನ ಮೊದಲ ಅಧಿಕೃತ ಜೀನ್ ಚಿಕಿತ್ಸೆ ನಡೆದಿತ್ತು. ಅದು ಹುರುಪಿನ ಕಾಲ. ಪತ್ರಿಕೆಗಳಲ್ಲಿ ‘ಇನ್ನು ಹತ್ತು ವರ್ಷ’ ಎಂಬ ಮಾತು ಧಾರಾಳವಾಗಿ ಅಚ್ಚಾಗುತ್ತಿತ್ತು.

ಆ ಹುರುಪು ಇಳಿಯಲು ಹತ್ತು ವರ್ಷ ಬೇಕಾಗಲಿಲ್ಲ. 1999ರ ಸೆಪ್ಟೆಂಬರ್ 17ರಂದು ಪೆನ್ಸಿಲ್ವೇನಿಯಾದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್, ಯಕೃತ್ತಿನ ರೋಗಕ್ಕೆ ನಡೆಸಿದ ಜೀನ್ ಪ್ರಯೋಗದಲ್ಲೇ ಸತ್ತ. ಮರುವರ್ಷ ಮಿದುಳು ಗಡ್ಡೆಯ ದೊಡ್ಡ ಪ್ರಯೋಗದ ಫಲಿತಾಂಶ ಬಂತು: 248 ರೋಗಿಗಳು, ಜೀನ್ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವಿಲ್ಲ. ಕಾರಣ ಸರಳ. ವೈರಸ್ಸು ಸೂಜಿ ಚುಚ್ಚಿದ ಜಾಗದ ಸುತ್ತ ಕೆಲವೇ ಮಿಲಿಮೀಟರ್ ದೂರ ಹರಡಿ ನಿಂತಿತ್ತು. ಗಡ್ಡೆ ಅಷ್ಟು ಹೊತ್ತಿಗೆ ಬೇರುಗಳನ್ನು ದೂರ ದೂರಕ್ಕೆ ಬಿಟ್ಟಿತ್ತು.

ಇದೇ ದಶಕದಲ್ಲಿ, ಇಂಥ ಗದ್ದಲವೇನೂ ಇಲ್ಲದೆ, ಹೊಸೂರು ರಸ್ತೆಯಲ್ಲಿ ಒಂದು ಕೆಲಸ ನಡೆಯಿತು. ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ 1995ರಲ್ಲಿ ಮಾನವ ಮಿದುಳಿನ ಅಂಗಾಂಶ ಭಂಡಾರ ಕಟ್ಟಿದರು. ಜನ ಅದನ್ನು ಬ್ರೈನ್ ಬ್ಯಾಂಕ್ ಎನ್ನುತ್ತಾರೆ. ಅಲ್ಲಿಯ ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಶಾಲಾ ಮಕ್ಕಳು ಸಾಲುಗಟ್ಟಿ ಹೋಗುತ್ತಾರೆ. ಅದರ ಹಿಂದಿನ ಸಂಗತಿ ಅವರಿಗೆ ತಿಳಿಯುವುದು ಕಡಿಮೆ. ಮಿದುಳಿನ ಸಂಶೋಧನೆಯಲ್ಲಿ ಯಾವ ದೇಶವೂ ಇನ್ನೊಂದು ದೇಶದ ಅಂಗಾಂಶದ ಮೇಲೆ ಬಹುಕಾಲ ಬದುಕಲಾಗದು. ನಮ್ಮ ರೋಗಿಗಳ ಗಡ್ಡೆ ನಮ್ಮ ಬಳಿ ಇರಬೇಕು, ಅದರ ಜೊತೆ ಆ ರೋಗಿ ಎಷ್ಟು ದಿನ ಬದುಕಿದ ಎಂಬ ದಾಖಲೆಯೂ ಇರಬೇಕು. ಎರಡನೆಯದು ನಮ್ಮಲ್ಲಿ ಬಲು ಕಷ್ಟ. ದೂರದ ಹಳ್ಳಿಯ ರೋಗಿ ಒಮ್ಮೆ ಊರಿಗೆ ಹೋದರೆ ಮರಳಿ ತೋರಿಸಿಕೊಳ್ಳಲು ಬರುವುದು ಬಸ್ಸಿನ ದುಡ್ಡು, ಭತ್ತದ ಕೊಯ್ಲು, ಮನೆಯವರ ಧೈರ್ಯ ಇವುಗಳ ಮೇಲೆ ನಿಂತಿರುತ್ತದೆ.

ಅದೇ ನಗರದ ಇನ್ನೊಂದು ತುದಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ ಗ್ಲಿಯೋಮಾ ಎಂಬ ಗಡ್ಡೆಗಳ ಜೀನುಗಳ ಬೆನ್ನು ಹತ್ತಿದರು. ಪಟೂರು ಕೊಂಡಯ್ಯ ಜೊತೆಗೂಡಿದರು. ನಿಮ್ಹಾನ್ಸ್ ಕಡೆಯಿಂದ ನರರೋಗಶಾಸ್ತ್ರಜ್ಞೆ ಡಾ. ವಾಣಿ ಸಂತೋಷ್, ಶಸ್ತ್ರವೈದ್ಯ ಡಾ. ಅರಿಮಪ್ಪಮಗನ್ ಮುಂತಾದವರು. ಮಲ್ಲೇಶ್ವರದ ಕಡೆಯ ಆ ಕ್ಯಾಂಪಸ್ಸಿಗೂ ಹೊಸೂರು ರಸ್ತೆಗೂ ನಡುವೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಡ್ಡೆಯ ಮಾದರಿಗಳು ಓಡಾಡಿದವು ಎನ್ನಬೇಕು. ಈ ಗುಂಪು ಗ್ಲಿಯೋಮಾಗಳಲ್ಲೇ ಅತಿ ಮಾರಕವಾದ ಗ್ಲಿಯೋಬ್ಲಾಸ್ಟೋಮಾದ ಬಗ್ಗೆ ಒಂದರ ಹಿಂದೊಂದು ಪ್ರಬಂಧ ಬರೆಯಿತು: ರಕ್ತದಲ್ಲಿ ಗಡ್ಡೆಯ ಸುಳಿವು ಕೊಡುವ ಪ್ರೋಟೀನು ಯಾವುದು, ಯಾವ ಪುಟಾಣಿ ಆರ್‌ಎನ್‌ಎಗಳು ಹೆಚ್ಚಿದ್ದರೆ ಆಯುಸ್ಸು ಕಡಿಮೆ, ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು ಏನು ಹೇಳುತ್ತವೆ ಇತ್ಯಾದಿ.

ಅವುಗಳಲ್ಲಿ 2013ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದದ್ದು ನಮ್ಮ ಕಥೆಗೆ ಮುಖ್ಯ. ಒಂದೇ ಬಗೆಯ ಚಿಕಿತ್ಸೆ ಪಡೆದ ರೋಗಿಗಳ ಗಡ್ಡೆಗಳನ್ನು ಹೋಲಿಸಿ 14 ಜೀನುಗಳ ಒಂದು ಪಟ್ಟಿಯನ್ನು ಅವರು ಮಾಡಿದರು. ಅದನ್ನು ನೋಡಿ ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂದು ಹೇಳಬಹುದಿತ್ತು. ಅಚ್ಚರಿಯ ಸಂಗತಿ ಬೇರೆಯೇ ಇತ್ತು. ಬೇಗ ಸಾಯುವವರ ಗಡ್ಡೆಯಲ್ಲಿ ಎದ್ದು ಕಾಣುತ್ತಿದ್ದದ್ದು ರೋಗನಿರೋಧಕ ಪ್ರತಿಕ್ರಿಯೆಗೆ ಸಂಬಂಧಿಸಿದ ಜೀನುಗಳು. ಸಾಮಾನ್ಯ ಬುದ್ಧಿಗೆ ಇದು ತಲೆಕೆಳಗು. ಕಾವಲುಗಾರರು ಹೆಚ್ಚಿದ್ದರೆ ರೋಗಿ ಹೆಚ್ಚು ಬದುಕಬೇಕಲ್ಲವೇ? ಇಲ್ಲ, ಯಾಕೆಂದರೆ ಒಳಗೆ ಬಂದ ಆ ಕೋಶಗಳಲ್ಲಿ ಬಹಳಷ್ಟು ಗಡ್ಡೆಯ ಪರ ವಾಲಿಬಿಟ್ಟಿರುತ್ತವೆ. ಗ್ಲಿಯೋಬ್ಲಾಸ್ಟೋಮಾದ ಗಾತ್ರದಲ್ಲಿ ಕೆಲವೊಮ್ಮೆ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಮೈಕ್ರೋಗ್ಲಿಯಾ ಮತ್ತು ಮ್ಯಾಕ್ರೋಫೇಜ್ ಎಂಬ ಇಂಥ ಕೋಶಗಳದ್ದೇ. ಅವು ಗಡ್ಡೆಗೆ ರಕ್ತನಾಳ ಕಟ್ಟಿಕೊಡುತ್ತವೆ, ಗಡ್ಡೆಯನ್ನು ಕೊಲ್ಲಬಲ್ಲ ಟಿ-ಕೋಶಗಳನ್ನು ಸುಮ್ಮನಾಗಿಸುತ್ತವೆ. ರೋಗನಿರೋಧಕ ಶಕ್ತಿ ‘ಹೆಚ್ಚಿಸುವ’ ಪುಡಿ, ಕಷಾಯ ಮಾರುವವರು ಈ ಪ್ರಬಂಧವನ್ನು ಓದುವುದಿಲ್ಲ, ಬಿಡಿ.

ರೋಗನಿರೋಧಕ ಪಡೆಯನ್ನು ಎಬ್ಬಿಸಿದರಷ್ಟೇ ಸಾಲದು ಎಂಬ ಪಾಠವನ್ನು ಜಗತ್ತಿನ ದೊಡ್ಡ ಪ್ರಯೋಗಗಳು ಆಮೇಲೆ ಬಲು ದುಬಾರಿ ಬೆಲೆ ಕೊಟ್ಟು ಕಲಿತವು. ಗಡ್ಡೆಯ ಒಂದು ನಿರ್ದಿಷ್ಟ ಪ್ರೋಟೀನಿನ ವಿರುದ್ಧ ಮಾಡಿದ ರಿಂಡೊಪೆಪಿಮಟ್ ಎಂಬ ಲಸಿಕೆಯನ್ನು 745 ಜನರಲ್ಲಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಸೊನ್ನೆ. ಇದಕ್ಕೆ ಕೊಡುವ ಒಂದು ವಿವರಣೆ: ಆ ಪ್ರೋಟೀನು ಇದ್ದ ಕೋಶಗಳು ಸತ್ತು, ಅದು ಇಲ್ಲದ ಕೋಶಗಳು ಆ ಜಾಗ ತುಂಬಿದವು. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಒಂದು ಕಳೆಗೆಂದು ಔಷಧಿ ಹೊಡೆದರೆ ಮುಂದಿನ ಬೆಳೆಗೆ ಇನ್ನೊಂದು ಕಳೆ ಮಡಿ ತುಂಬುತ್ತದಲ್ಲ, ಹಾಗೆ. ಶ್ವಾಸಕೋಶ, ಚರ್ಮದ ಕ್ಯಾನ್ಸರಿನಲ್ಲಿ ಪವಾಡ ಮಾಡಿದ ನಿವೊಲುಮಾಬ್ ಔಷಧವನ್ನು ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ 369 ಜನರಲ್ಲಿ ಹಳೆಯ ಔಷಧದೊಂದಿಗೆ ಹೋಲಿಸಿದರು: ಒಂದು ಕಡೆ 9.8 ತಿಂಗಳ ಬದುಕು, ಇನ್ನೊಂದು ಕಡೆ 10. 403 ರೋಗಿಗಳ ಇನ್ನೊಂದು ಜೀನ್ ಪ್ರಯೋಗ 2019ರಲ್ಲಿ ಬಿತ್ತು.

ಗೆಲುವುಗಳೂ ಇವೆ, ಆದರೆ ಚಿಕ್ಕವು, ವಾದಕ್ಕೆ ಆಸ್ಪದವಿರುವಂಥವು. ಪಲ್ಸ್ ಪೋಲಿಯೋ ಭಾನುವಾರಗಳನ್ನು ನೆನಪಿಟ್ಟುಕೊಂಡ ಜನಕ್ಕೆ ಕೇಳಲು ವಿಚಿತ್ರ ಎನಿಸಬಹುದು: ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾರ್ಪಡಿಸಿದ ಪೋಲಿಯೋ ವೈರಸ್ಸನ್ನೇ 61 ರೋಗಿಗಳ ಗಡ್ಡೆಯೊಳಗೆ ಹನಿಸಿದರು. ಮೂರು ವರ್ಷದ ಮೇಲೆ ನೂರಕ್ಕೆ 21 ಜನ ಬದುಕಿದ್ದರು ಎಂದು 2018ರಲ್ಲಿ ವರದಿಯಾಯಿತು. ಹೋಲಿಸಲು ಪಕ್ಕದಲ್ಲಿ ಇನ್ನೊಂದು ಗುಂಪು ಇರಲಿಲ್ಲ. ಹಳೆಯ ರೋಗಿಗಳ ದಾಖಲೆಯ ಜೊತೆ ಹೋಲಿಸಿದ್ದರು. ಜಪಾನಿನಲ್ಲಿ ತೊಮೊಕಿ ತೊದೊ ಹರ್ಪಿಸ್ ವೈರಸ್ಸಿನ ಮೂರು ಜೀನುಗಳನ್ನು ತಿದ್ದಿ, ಗಡ್ಡೆಯ ಕೋಶದಲ್ಲಿ ಮಾತ್ರ ಮರಿಹಾಕುವಂತೆ ಮಾಡಿದರು. 19 ಜನರ ಪ್ರಯೋಗದ ಮೇಲೆ ಜಪಾನ್ ಸರ್ಕಾರ 2021ರ ಜೂನ್‌ನಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಮಿದುಳು ಗಡ್ಡೆಗೆ ಯಾವುದೇ ಸರ್ಕಾರ ಒಪ್ಪಿದ ಮೊದಲ ವೈರಸ್ ಮದ್ದು ಅದೇ. 19 ಎಂಬ ಸಂಖ್ಯೆಯನ್ನು ನೋಡಿ ಹುಬ್ಬೇರಿಸುವವರ ಪಕ್ಷದಲ್ಲಿ ನಾನೂ ಇದ್ದೇನೆ.

ಆಮೇಲಿನದು ಕಾರ್-ಟಿ ಕೋಶಗಳ ಕಾಲ. ರೋಗಿಯ ರಕ್ತದಿಂದ ಟಿ-ಕೋಶ ತೆಗೆದು, ಗಡ್ಡೆಯನ್ನು ಗುರುತಿಸುವ ಜೀನನ್ನು ಅದಕ್ಕೆ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ ಮರಳಿ ಕೊಡುವುದು. ರೋಗನಿರೋಧಕ ಚಿಕಿತ್ಸೆಯೂ ಹೌದು, ಜೀನ್ ಚಿಕಿತ್ಸೆಯೂ ಹೌದು. 2016ರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್‌ನಲ್ಲಿ ಒಬ್ಬ ರೋಗಿಯ ಮಿದುಳಿನ ಕುಹರಕ್ಕೇ ಇವನ್ನು ಹನಿಸಿದಾಗ ಬೆನ್ನುಹುರಿಗೆ ಹಬ್ಬಿದ್ದ ಗಡ್ಡೆಗಳೂ ಏಳೂವರೆ ತಿಂಗಳು ಕಾಣೆಯಾದವು. ನಂತರ ಬೇರೆ ಜಾಗಗಳಲ್ಲಿ ಬಂದವು. ಸ್ಟ್ಯಾನ್‌ಫರ್ಡಿನಲ್ಲಿ ಮಿಶೆಲ್ ಮೋಂಜೆ ಮಕ್ಕಳ, ಯುವಕರ ಮಿದುಳುಕಾಂಡದ ಗಡ್ಡೆಗಳ ಮೇಲೆ ಕೆಲಸ ಮಾಡಿದರು. ಒಂದು ಕಾಲಕ್ಕೆ ಅವಕ್ಕೆ ವೈದ್ಯರು ಕೈಚೆಲ್ಲುತ್ತಿದ್ದರು. 2024ರ ಕೊನೆಯಲ್ಲಿ ಅವರ ಗುಂಪು 11 ರೋಗಿಗಳ ವರದಿ ಕೊಟ್ಟಿತು. ಅವರಲ್ಲಿ ಒಬ್ಬನ ಗಡ್ಡೆ ಪೂರ್ತಿ ಮಾಯವಾಗಿ ಎರಡೂವರೆ ವರ್ಷ ದಾಟಿತ್ತು. ಈ ಇಡೀ ಚರಿತ್ರೆಯಲ್ಲಿ ನನಗೆ ನಂಬಿಕೆ ಹುಟ್ಟಿಸುವ ಸಂಗತಿ ಇದೊಂದೇ, ಅದೂ ಎಚ್ಚರಿಕೆಯಿಂದ.

ಭಾರತ ಈ ಕಾಲಕ್ಕೆ ಹಿಂದೆ ಬಿದ್ದಿರಲಿಲ್ಲ. ಮುಂಬಯಿ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19 ಎಂಬ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಿರಣ್ ಮಜುಂದಾರ್ ಶಾ, ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದ ಇಮ್ಯುನೀಲ್ 2025ರ ಜನವರಿಯಲ್ಲಿ ತನ್ನ ಕಾರ್-ಟಿಯನ್ನು ಮಾರುಕಟ್ಟೆಗೆ ತಂದಿತು. ಚಾಂಡಿಯವರ ವೆಲ್ಲೂರಿನಲ್ಲೇ ಐವರು ಹೀಮೋಫಿಲಿಯಾ ರೋಗಿಗಳಿಗೆ ಜೀನ್ ಚಿಕಿತ್ಸೆ ಫಲಿಸಿದ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಇವೆಲ್ಲ ರಕ್ತದ ರೋಗಗಳಿಗೆ. ಮಿದುಳು ಗಡ್ಡೆಗೆ ಒಪ್ಪಿಗೆ ಸಿಕ್ಕ ಕಾರ್-ಟಿ ಭಾರತದಲ್ಲಿಲ್ಲ, ಎಲ್ಲೂ ಇಲ್ಲ. ಬೆಲೆಯ ಮಾತೂ ಇದೆ: ಅಮೆರಿಕದಲ್ಲಿ ಮೂರು ಕೋಟಿ ದಾಟುವುದು ಇಲ್ಲಿ ಸುಮಾರು 40 ಲಕ್ಷಕ್ಕೆ ಸಿಗುತ್ತದೆಂದು ಬೀಗುವವರು, ಕುರುಗೋಡಿನಲ್ಲಿ ಒಂದು ಎಕರೆ ಇಟ್ಟುಕೊಂಡವನಿಗೆ ಎರಡೂ ಒಂದೇ ಎಂಬುದನ್ನು ಮರೆಯುತ್ತಾರೆ.

ಹಾಗಾದರೆ ಇಂದು ಸಿರುಗುಪ್ಪದಿಂದ ಬರೆಸಿಕೊಂಡು ಬಂದ ಗ್ಲಿಯೋಬ್ಲಾಸ್ಟೋಮಾ ರೋಗಿಗೆ ಏನು ಸಿಗುತ್ತದೆ? ಮೊದಲು ಶಸ್ತ್ರಚಿಕಿತ್ಸೆ. ಆರು ವಾರ, ಮೂವತ್ತು ಸಲ, ಹಳ್ಳಿಯವರು ‘ಕರೆಂಟು ಕೊಡಿಸೋದು’ ಎನ್ನುವ ವಿಕಿರಣ. ಜೊತೆಗೆ, ಮುಂದಕ್ಕೂ, ಟೆಮೊಜೊಲೊಮೈಡ್ ಗುಳಿಗೆ. 573 ರೋಗಿಗಳ ಪ್ರಯೋಗ ಮುಗಿಸಿ ರೋಜರ್ ಸ್ಟುಪ್ 2005ರಲ್ಲಿ ಬರೆದ ವಿಧಾನ ಇದು. ಗುಳಿಗೆ ಸೇರಿದ್ದರಿಂದ ಸರಾಸರಿ ಬದುಕು 12.1 ತಿಂಗಳಿಂದ 14.6ಕ್ಕೆ ಏರಿತು, ಎರಡು ವರ್ಷ ದಾಟುವವರು ನೂರಕ್ಕೆ 10ರಿಂದ 26ಕ್ಕೆ ಏರಿದರು. ಲಸಿಕೆ, ವೈರಸ್ಸು, ಕಾರ್-ಟಿ ಎಲ್ಲ ಬಂದು ಹೋದರೂ ಆ 14.6 ಇವತ್ತಿಗೂ ಹೋಲಿಕೆಗೆ ಎಲ್ಲರೂ ಎತ್ತಿಕೊಳ್ಳುವ ಸಂಖ್ಯೆ.

ಈ ಪ್ರಯೋಗಗಳ ಪಟ್ಟಿಯಲ್ಲಿ ಬಾರದ, ಆದರೆ ನನ್ನ ಲೆಕ್ಕದಲ್ಲಿ ಈ ಚರಿತ್ರೆಗೇ ಸೇರಿದ ಇನ್ನೊಂದು ಪ್ರಯೋಗ ಬಳ್ಳಾರಿ ಇರುವ ಪ್ರದೇಶದಲ್ಲೇ ನಡೆಯಿತು. 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಗುಲ್ಬರ್ಗ ವಿಭಾಗದಲ್ಲಿ ಜಾರಿಯಾಯಿತು, ಬಳ್ಳಾರಿ ಅದರಲ್ಲಿತ್ತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್, ನರಶಸ್ತ್ರಚಿಕಿತ್ಸೆ ಮುಂತಾದ ದೊಡ್ಡ ಚಿಕಿತ್ಸೆಗಳು ಉಚಿತ. ಹಳ್ಳಿ ಶಿಬಿರ ಮಾಡಿ ರೋಗಿಗಳನ್ನು ಹುಡುಕಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಯೋಜನೆಗೆ ಒಳಪಡುವ ರೋಗಗಳಿಂದ ಬಡವರ ಮನೆಗಳಲ್ಲಿ ಆಗುವ ಸಾವು ನೂರಕ್ಕೆ 64ರಷ್ಟು ಕಡಿಮೆ. ಅದು ಮಿದುಳು ಗಡ್ಡೆಯೊಂದರ ಲೆಕ್ಕವಲ್ಲ, ಎಲ್ಲ ಸೇರಿ. ಆದರೂ ಯಾವ ವೈರಸ್ ಪ್ರಯೋಗವೂ ಇಂಥ ಅಂಕಿಯ ಹತ್ತಿರ ಸುಳಿದಿಲ್ಲ. 2018ರಲ್ಲಿ ಆ ಯೋಜನೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬೆರೆಯಿತು.

ಕಾರ್ಡು ಆಪರೇಷನ್ ಖರ್ಚು ನೋಡಿಕೊಳ್ಳುತ್ತದೆ. ಆರು ವಾರ ಬೆಂಗಳೂರಿನಲ್ಲಿ ಉಳಿಯುವ ಖರ್ಚನ್ನು ಅಲ್ಲ. ಮಿದುಳಿನ ಕಾರ್-ಟಿ ಪ್ರಯೋಗಕ್ಕೆ ಸೇರುವ ರೋಗಿಯಂತೂ ತಲೆಯಲ್ಲಿ ಸಣ್ಣ ಕೊಳವೆ ಇರಿಸಿಕೊಂಡು ಮತ್ತೆ ಮತ್ತೆ ಕೋಶಗಳನ್ನು ಹನಿಸಿಕೊಳ್ಳಬೇಕು; ಮಿದುಳು ಊದಿದರೆ ತಕ್ಷಣ ಒತ್ತಡ ಇಳಿಸಬಲ್ಲವರ ಹತ್ತಿರವೇ ತಿಂಗಳುಗಟ್ಟಲೆ ಇರಬೇಕು. ಅಂಥ ಪ್ರಯೋಗ ನಾಳೆ ಹೊಸೂರು ರಸ್ತೆಯಲ್ಲೇ ಶುರುವಾದರೂ ಅದರಲ್ಲಿ ಜಾಗ ಸಿಗುವುದು ಬೆಂಗಳೂರಿನಲ್ಲಿ ಮನೆ ಇದ್ದವರಿಗೆ. ತಮ್ಮ ಗಡ್ಡೆಯ ಬ್ಲಾಕ್ ಕೊಟ್ಟು ಹೋದ ಜಿಲ್ಲೆಗಳವರಿಗೆ ಸಿಗಬೇಕಾದರೆ ಪ್ರಯೋಗದ ಬಜೆಟ್ಟಿನಲ್ಲೇ ಬಾಡಿಗೆ ಕೋಣೆ, ಜೊತೆಗೆ ಬಂದವರ ಊಟ, ಕಳೆದುಹೋದ ಕೂಲಿ ಇವು ಮೊದಲ ದಿನದಿಂದ ಬರೆದಿರಬೇಕು. 2019ರಲ್ಲಿ ಐಸಿಎಂಆರ್ ಹೊರತಂದ ಜೀನ್ ಚಿಕಿತ್ಸೆಯ ರಾಷ್ಟ್ರೀಯ ಮಾರ್ಗಸೂಚಿ ಪ್ರಯೋಗಕ್ಕೆ ಒಪ್ಪಿಗೆ ಪಡೆಯುವ ದಾರಿಯನ್ನು ಹಾಕಿಕೊಟ್ಟಿದೆ. ಬಾಡಿಗೆ ಕೋಣೆಯ ಲೆಕ್ಕವನ್ನು ಪ್ರಯೋಗ ನಡೆಸುವವರೇ ಹಾಕಬೇಕು.